ಕಾರ್ಡಿಲ್ಲದ ಮನೆ

ಜಿಲ್ಲಾ ಪರಿಷತ್ತಿನ ತಮ್ಮ ಕ್ಷೇತ್ರ ಹೆಂಗಸರಿಗೆ ಮೀಸಲಾಗಿದೆ ಎಂದು ಗೊತ್ತಾದ ದಿನ ರಾಮಾಂಜಿನಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಲಿಲ್ಲ. ಸಂಜೆ ಬಂದವನು ಕೈಕಾಲು ಕೂಡ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆ ಮುಂದಿದ್ದ ಹೆಂಡತಿಗೆ ಹೇಳಿದ:

"ನಾಳೆ ಒಳ್ಳೆ ಸೀರೆ ಉಟ್ಕೊ. ಫೋಟೊ ತೆಗೆಸ್ಬೇಕು."

"ಯಾಕೆ?"

"ಎಲೆಕ್ಷನ್‌ಗೆ ನಿಂತ್ಕೊಂಡಿದೀಯ."

ನಾಗಲಕ್ಷ್ಮಮ್ಮ ಮುದ್ದೆ ತಿರುವುತ್ತಿದ್ದಳು. ಕೈ ನಿಲ್ಲಿಸಿದರೆ ಹಿಟ್ಟು ಗಂಟಾಗುತ್ತಿತ್ತು, ನಿಲ್ಲಿಸಲಿಲ್ಲ. "ನಂಗೇನು ಗೊತ್ತು ಅದೆಲ್ಲ," ಎಂದಳು.

"ನಿಂಗೆ ಗೊತ್ತಿರ್ಬೇಕಾಗಿಲ್ಲ. ಹೆಸರು ನಿಂದು, ಓಡಾಟ ನಂದು."

ಅದು ಎಂಬತ್ತಾರನೇ ಇಸವಿಯ ಡಿಸೆಂಬರ್ ಮೊದಲ ವಾರ. ಹೂಡಿ ರೈಲ್ವೆ ಗೇಟಿನಿಂದ ಎರಡು ಮೈಲಿ ಒಳಗಿರುವ ಕುಂಟೆಪಾಳ್ಯದಲ್ಲಿ ಒಂಬತ್ತು ವರ್ಷ ಪಂಚಾಯ್ತಿ ಚೇರ್ಮನ್ ಆಗಿದ್ದವನು ರಾಮಾಂಜಿನಪ್ಪ. ಕುರ್ಚಿ ಹೋಗಿದ್ದರೂ ಊರವರು ಇನ್ನೂ ಚೇರ್ಮನ್ರೇ ಎಂದೇ ಕರೆಯುತ್ತಿದ್ದರು. ಕೆರೆಯ ಅಂಗಳದಲ್ಲಿ ಅವನ ಇಟ್ಟಿಗೆ ಗೂಡಿತ್ತು. ವೈಟ್‌ಫೀಲ್ಡ್ ಕಡೆ ಏಳುತ್ತಿದ್ದ ಕಾರ್ಖಾನೆಗಳಿಗೆ ದಿನಕ್ಕೆ ಮೂರು ಲಾರಿ ಇಟ್ಟಿಗೆ ಅಲ್ಲಿಂದ ಹೋಗುತ್ತಿತ್ತು.

ನಾಮಪತ್ರ ಹಾಕಿದ ಮೂರನೆಯ ದಿನ ಪಕ್ಷದ ಕಚೇರಿಯಿಂದ ದಯಾನಂದ ಎಂಬ ಯುವಕ ಬಂದ. ವಯಸ್ಸು ಮೂವತ್ತರ ಒಳಗೆ. ಅಮೆರಿಕದಲ್ಲಿ ಐದು ವರ್ಷ ಓದಿ, ಅಲ್ಲಿಯ ಎರಡು ಚುನಾವಣೆಗಳಲ್ಲಿ ಕೆಲಸ ಮಾಡಿ ಹಿಂದಿರುಗಿದ್ದ. ಅಲ್ಲಿಯ ರೀತಿ ಇಲ್ಲಿ ನಡೆಯುತ್ತದೆಯೋ ಇಲ್ಲವೋ ನೋಡೋಣವೆಂದು ಪಕ್ಷದವರು ಈ ಒಂದು ಕ್ಷೇತ್ರವನ್ನು ಅವನ ಕೈಗೆ ಕೊಟ್ಟಿದ್ದರು. ಸರಿಹೋದರೆ ಮುಂದೆ ವಿಧಾನಸಭೆಯ ಚುನಾವಣೆಗೂ ಅದನ್ನೇ ಹಿಡಿಯುವುದೆಂದು ಮಾತಾಗಿತ್ತು.

ಅವನು ಬಂದಾಗ ರಾಮಾಂಜಿನಪ್ಪನ ತಾಯಿ ಚಿಕ್ಕಮುನಿಯಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ದಯಾನಂದ ಷೂ ಬಿಚ್ಚಿ ಅವಳ ಪಕ್ಕದಲ್ಲೇ ಕೂತ.

"ಅಲ್ಲೂ ಓಟಿಗೆ ಕಾಸು ಕೊಡ್ತಾರೇನಪ್ಪ?" ಎಂದಳು ಮುದುಕಿ.

"ಇಲ್ಲಜ್ಜಿ. ಅಲ್ಲಿ ಮೊದಲು ಕೇಳ್ತಾರೆ. ನಿಮಗೇನು ಬೇಕು, ಯಾರ ಮೇಲೆ ಕೋಪ, ಯಾರನ್ನ ನಂಬ್ತೀರ, ಇದೆಲ್ಲ ಮನೆಮನೆಗೆ ಹೋಗಿ ಕೇಳಿ ಬರ್ಕೊಂಡು ಬರ್ತಾರೆ. ಆಮೇಲೆ ಯಾವ ಬೀದೀಲಿ ಯಾವ ಮಾತಾಡ್ಬೇಕು ಅಂತ ತೀರ್ಮಾನ."

"ಕೇಳಿದ್ ತಕ್ಷಣ ಯೋಳ್ಬಿಡ್ತಾರಾ ಆ ಜನ?"

"ಕೇಳೋರು ಯಾರು ಅನ್ನೋದರ ಮೇಲಿರುತ್ತೆ," ಎಂದು ದಯಾನಂದ ಒಳಗೆ ನೋಡಿದ. ಮಗಳು ಭಾಗ್ಯ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತು ವರ್ಷದವಳು, ಪಿ.ಯು.ಸಿ. ಮುಗಿಸಿ ವೈಟ್‌ಫೀಲ್ಡ್‌ಗೆ ಹೋಗಿ ಟೈಪಿಂಗ್ ಕಲಿಯುತ್ತಿದ್ದಳು.

ಕಾರ್ಡುಗಳು ದಪ್ಪ ರಟ್ಟಿನವು, ಅಂಚೆ ಕಾರ್ಡಿನಷ್ಟು ಅಗಲ. ಮನೆಗೊಂದು ಕಾರ್ಡು, ಕಾರ್ಡಿಗೆ ನಾಲ್ಕು ಪ್ರಶ್ನೆ. ಭಾಗ್ಯ ಮತ್ತು ಟೈಪಿಂಗ್ ಕ್ಲಾಸಿನ ಮೂವರು ಹುಡುಗಿಯರು ಹಳ್ಳಿಗಳನ್ನು ಹಂಚಿಕೊಂಡರು. ಕೇಳಿ ಬಂದ ಮೇಲೆ ದಯಾನಂದ ಪ್ರತಿ ಕಾರ್ಡಿನ ಮೂಲೆಗೂ ಬಣ್ಣ ಹಚ್ಚುತ್ತಿದ್ದ. ನಮ್ಮವರಿಗೆ ಹಸಿರು, ಆಚೆಯವರಿಗೆ ಕೆಂಪು, ಇನ್ನೂ ತೂಗಾಡುವವರಿಗೆ ಹಳದಿ.

ರಾಮಾಂಜಿನಪ್ಪನಿಗೆ ಇದೆಲ್ಲ ಹೆಮ್ಮೆಯ ಸಂಗತಿಯಾಗಿತ್ತು. ಹೂಡಿ ಗೇಟಿನ ಟೀ ಅಂಗಡಿಯಲ್ಲಿ, "ಅವರದು ಜೀಪು, ಮೈಕು. ನಮ್ದು ಅಮೆರಿಕಾ ಪದ್ಧತಿ," ಎಂದು ಹೇಳಿಕೊಂಡು ತಿರುಗುತ್ತಿದ್ದ.

ಮನೆಯಲ್ಲಿ ಮಾತ್ರ ಕೆಲಸದ ಗತಿ ಕೆಟ್ಟಿತ್ತು. ಕಣದಲ್ಲಿ ರಾಗಿ ಮೆದೆ ಹಾಗೇ ನಿಂತಿತ್ತು. ಹಸು ಕರೆಯುವ ಹೊತ್ತಿಗೆ ಸರಿಯಾಗಿ ದಯಾನಂದ ಟೇಪ್‌ರೆಕಾರ್ಡರ್ ಹಿಡಿದು ಬರುತ್ತಿದ್ದ. ಪಕ್ಷದವರು ಬರೆದುಕೊಟ್ಟ ಭಾಷಣವನ್ನು ನಾಗಲಕ್ಷ್ಮಮ್ಮ ಓದಿದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತವಳು. 'ಸರ್ವತೋಮುಖ' ಎಂಬಲ್ಲಿ ಮೂರು ಸಲ ಎಡವಿದಳು. ಯಂತ್ರದಿಂದ ತನ್ನದೇ ದನಿ ವಾಪಸು ಬಂದಾಗ ಸೆರಗು ಬಾಯಿಗಿಟ್ಟುಕೊಂಡಳು.

"ಇದು ಬೇಡ ಮೇಡಂ," ಎಂದು ದಯಾನಂದ ಕಾಗದ ಮಡಚಿದ. "ಪಕ್ಕದ ಮನೆ ಅಕ್ಕನಿಗೆ ಹೇಳ್ದಂಗೆ ಹೇಳಿ. ಎರಡೇ ನಿಮಿಷ."

"ಪಕ್ಕದ ಮನೆಯೋಳ ಕೂಟೆ ಎರಡು ನಿಮಿಷದಲ್ಲಿ ಮಾತು ಮುಗ್ಸಾಕಾಗ್ತದಾ?" ಎಂದಳು ಚಿಕ್ಕಮುನಿಯಮ್ಮ. ದಯಾನಂದನೂ ನಕ್ಕ.

ಆದರೂ ನಾಗಲಕ್ಷ್ಮಮ್ಮ ಕಲಿತಳು. ಹತ್ತು ದಿನದಲ್ಲಿ ಕಾಗದವಿಲ್ಲದೆ, ನೆಲ ನೋಡದೆ, ಆರು ಹಳ್ಳಿಗಳಲ್ಲಿ ಮಾತಾಡಿದಳು. ಪಡಿತರದ ಸೀಮೆಎಣ್ಣೆ, ಬಸ್ಸು ನಿಲ್ಲಿಸದ ಡ್ರೈವರು, ಹೆರಿಗೆಗೆ ಊರಿಂದೂರಿಗೆ ಗಾಡಿ ಕಟ್ಟಿಕೊಂಡು ಹೋಗುವ ಪಾಡು, ಇವೆಲ್ಲ ಅವಳು ಕಂಡಿದ್ದೇ.

ಕಾರ್ಡುಗಳ ಲೆಕ್ಕ ಮುಗಿದ ಸಂಜೆ ದಯಾನಂದ ಊಟಕ್ಕೆ ನಿಂತ. ಹಿತಕಿದ ಬೇಳೆ ಸಾರು, ಮುದ್ದೆ. ಅವನಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ, ಅಗಿಯುತ್ತಿದ್ದ. ರಾಮಾಂಜಿನಪ್ಪನೇ ಕೇಳಿದ:

"ಏನಂತಾವ್ರೆ ಜನ?"

"ಮೇಡಂ ಬಗ್ಗೆ ಒಳ್ಳೆ ಅಭಿಪ್ರಾಯ ಇದೆ ಸಾರ್."

"ನನ್ನ ಬಗ್ಗೆ?"

ದಯಾನಂದ ನೀರು ಕುಡಿದ. "ಹತ್ತು ಮನೇಲಿ ಆರು ಮನೆಯೋರು ಕೆರೆ ಮಾತು ಎತ್ತಿದಾರೆ. ಮಣ್ಣು ತೆಗೆದು ಕೆರೆ ಹಾಳಾಯ್ತು ಅಂತ."

"ಯಾವ ಯಾವ ಮನೆಯೋರು?"

"ಅದು ಹೇಳೋ ಹಾಗಿಲ್ಲ ಸಾರ್. ಹೇಳಲ್ಲ ಅಂತ ಮಾತು ಕೊಟ್ಟೇ ಕೇಳಿದ್ದು."

ರಾಮಾಂಜಿನಪ್ಪ ಮಗಳ ಕಡೆ ತಿರುಗಿದ. "ನೀನು ಯೋಳೇ."

ಭಾಗ್ಯ ತಟ್ಟೆ ನೋಡುತ್ತ ಕೂತಳು.

"ನನ್ನ ಮನೆ ಅನ್ನ ತಿಂದು ಊರೋರ ಗುಟ್ಟು ಕಾಯ್ತೀಯಾ?"

"ನಂಬಿ ಹೇಳಿದಾರಪ್ಪ."

"ಇನ್ನೊಂದು ಮಾತು ಸಾರ್," ಎಂದ ದಯಾನಂದ. ಅವನ ದನಿಯಲ್ಲಿ ವೈದ್ಯರ ತರಹದ ಮೃದುತನವಿತ್ತು. "ಪೋಲಿಂಗ್ ಮುಗಿಯೋ ತನಕ ನೀವು ಮೇಡಂ ಜತೆ ಕಾಣಿಸ್ಕೊಳ್ದೆ ಇದ್ರೆ ಒಳ್ಳೇದು. ಪೋಸ್ಟರಲ್ಲೂ ನಿಮ್ಮ ಫೋಟೊ ಬೇಡ. ಅಲ್ಲಿ ಇಂಥದ್ದು ಮಾಮೂಲು, ಯಾರೂ ತಪ್ಪು ತಿಳ್ಕೊಳಲ್ಲ."

ರಾಮಾಂಜಿನಪ್ಪ ಅರ್ಧ ಮುದ್ದೆಯಿದ್ದ ತಟ್ಟೆಯಲ್ಲೇ ಕೈ ತೊಳೆದ. "ಒಂಬತ್ತು ವರ್ಷ ಈ ಊರು ಆಳ್ದೋನು ನಾನು. ನನ್ ಎಂಡ್ರು ಜತೆ ನಾನು ನಿಂತ್ಕೋಬಾರ್ದು ಅಂತ ರಟ್ಟು ಯೋಳ್ತದೆ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮರುದಿನದಿಂದ ಅವನ ಊಟ ಗೂಡಿನಲ್ಲೇ ಆಯಿತು. ಭಾಗ್ಯ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು. ಮೊದಲ ಎರಡು ದಿನ ಅದು ಮುಟ್ಟದೆ ವಾಪಸು ಬಂತು. ಮೂರನೆಯ ದಿನ ಖಾಲಿಯಾಗಿತ್ತು, ಆದರೆ ಮಾತಿರಲಿಲ್ಲ.

ಆ ವಾರ ಒಂದು ಮಧ್ಯಾಹ್ನ ಭಾಗ್ಯ ಹಜಾರದಲ್ಲಿ ಕಾರ್ಡುಗಳನ್ನು ಬೀದಿಯ ಪ್ರಕಾರ ಜೋಡಿಸುತ್ತಿದ್ದಾಗ ಚಿಕ್ಕಮುನಿಯಮ್ಮ ಬಂದು ಪಕ್ಕದಲ್ಲಿ ಕೂತಳು.

"ನಮ್ಮನೆ ಕಾರ್ಡೆಲ್ಲೇ?"

"ನಮ್ಮನೇದು ಯಾಕಜ್ಜಿ? ನಮ್ಮ ಓಟು ನಮಗೇ ಅಲ್ವಾ?"

"ನಿಂಗ್ಯಾರು ಯೋಳಿದ್ರು? ಕೇಳು ನನ್ನ."

ಭಾಗ್ಯ ನಗುತ್ತಲೇ ಒಂದು ಖಾಲಿ ಕಾರ್ಡು ತೆಗೆದಳು. "ನಿಮ್ಮ ಊರಿಗೆ ಮೊದಲು ಆಗಬೇಕಾದ ಕೆಲಸ ಯಾವುದು?"

"ಕೆರೆ ತುಂಬ್ಬೇಕು. ನಾನು ಮದುವೆಯಾಗಿ ಬಂದಾಗ ಕೋಡಿ ಒಡೀತಿತ್ತು. ಈಗ ಅಲ್ಲಿ ದನ ತೊಳ್ಯಾಕೆ ನೀರಿಲ್ಲ."

"ನಿಮ್ಮ ಊರಿನಲ್ಲಿ ಯಾರ ಮಾತು ನಂಬುತ್ತೀರಿ?"

"ನಿಮ್ಮಮ್ಮನ್ದು. ನನ್ ಮಗಂದಲ್ಲ. ಬರ್ಕೊ."

"ಅಜ್ಜಿ."

"ಬರ್ಕೊ ಅಂದ್ನಲ್ಲ. ಅವನ್ನ ಎತ್ತೋಳು ನಾನೇ ಯೋಳ್ತಿದೀನಿ. ಇದನ್ನ ಆ ಉಡುಗನಿಗೆ ಕೊಡ್ಬೇಡ, ನಿನ್ನತ್ರ ಇಟ್ಕೊ."

ರಾಗಿ ಒಕ್ಕಣೆ ಕೊನೆಗೂ ಶುರುವಾಯಿತು. ಕಣದಲ್ಲಿ ಎತ್ತುಗಳು ಕಲ್ಲು ಗುಂಡು ಎಳೆಯುತ್ತಿದ್ದವು. ತೂರುವ ಕೆಲಸಕ್ಕೆ ಎಂದಿನಂತೆ ಮುನಿಯಕ್ಕ ಬಂದಿದ್ದಳು. ಕೆರೆ ಏರಿಯ ಕೆಳಗಿನ ಕಾಲೋನಿಯವಳು. ಇಪ್ಪತ್ತು ವರ್ಷದಿಂದ ಈ ಮನೆಯ ಕಣಕ್ಕೆ ಬರುತ್ತಿದ್ದಳು. ಮೊರ ಕೆಳಗಿಟ್ಟು ಎಲೆಅಡಿಕೆ ಹಾಕಿಕೊಳ್ಳುವಾಗ ಹೇಳಿದಳು:

"ಎಲ್ಲಾ ಬೀದಿಗೂ ಬಂದ್ರಂತೆ ನಾಗಮ್ಮೋರೇ. ನಮ್ಮ ಬೀದಿಗೆ ಕಾರ್ಡಿನ ಉಡುಗೀರು ಬಂದೋದ್ರು, ನೀವು ಬರ್ಲಿಲ್ಲ."

"ಬತ್ತೀನಿ ಮುನಿಯಕ್ಕ."

"ಆ ಬಾಬು ಬ್ಯಾಡ ಅಂದವ್ರೆ ಅಂತಲ್ಲ. ನಮ್ಮ ಬೀದಿ ಪೂರ್ತಿ ಕೆಂಪಂತೆ."

ನಾಗಲಕ್ಷ್ಮಮ್ಮನಿಗೆ ಮೈಮೇಲೆ ಬಿದ್ದ ಹೊಟ್ಟು ಆಗಲೇ ಚುಚ್ಚತೊಡಗಿತು. ಸಂಜೆ ದಯಾನಂದನನ್ನು ಕೇಳಿದಳು. ಅವನು ಮುಚ್ಚಿಡಲಿಲ್ಲ.

"ಅಲ್ಲಿ ತೊಂಬತ್ತು ಮನೆ ಮೇಡಂ. ಎಂಬತ್ತು ಕೆಂಪು. ನಮಗಿರೋದು ಹನ್ನೆರಡು ದಿನ. ಬದಲಾಗದೆ ಇರೋರ ಹತ್ರ ಹೋಗಿ ದಿನ ಕಳೆಯೋದಕ್ಕಿಂತ ಹಳದಿ ಮನೆಗೆ ಎರಡು ಸಲ ಹೋಗ್ಬಹುದು. ಅಲ್ಲಿ ಎಲ್ಲರೂ ಹೀಗೇ ಮಾಡೋದು."

"ಅಲ್ಲಿಯೋರಿಗೆ ಮುನಿಯಕ್ಕ ಇಲ್ವಲ್ಲಪ್ಪ," ಎಂದಳು ನಾಗಲಕ್ಷ್ಮಮ್ಮ.

ಮರುದಿನ ಬೆಳಿಗ್ಗೆ ಪಕ್ಷದ ಕಾರಿಲ್ಲದೆ, ಬಾವುಟವಿಲ್ಲದೆ, ಭಾಗ್ಯಳೊಬ್ಬಳನ್ನೇ ಕರೆದುಕೊಂಡು ಕಾಲೋನಿಗೆ ನಡೆದಳು. ಹೆಂಗಸರು ಬಾವಿ ಹತ್ತಿರ ಸೇರಿದರು. ಯಾರೋ ಚಾಪೆ ತರಲು ಹೋದರು. ಅಷ್ಟರಲ್ಲಿ ಅವಳು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಬಗ್ಗಿ ನೋಡಿದಳು. ತಳದಲ್ಲಿ ಕೆಸರು, ಒಂದು ಒಡೆದ ಬಿಂದಿಗೆ.

"ಮೂರು ವರ್ಸಾಯ್ತು," ಎಂದಳು ಮುನಿಯಕ್ಕ. "ಗೂಡಿಗೆ ಮಣ್ಣು ತೆಗ್ದು ತೆಗ್ದು ಕಾಲುವೆ ಮುಚ್ಚೋಯ್ತು. ಕೆರೇಗೆ ನೀರಿಲ್ಲ, ಬಾವೀಲಿ ಊಟೆ ಇಲ್ಲ. ಪಟ್ಟಂದೂರು ಅಗ್ರಹಾರದ ತಾವ್ಕೆ ಓಗಿ ಒತ್ಕೊಂಡು ಬತ್ತೀವಿ."

"ಗೊತ್ತು."

"ಗೊತ್ತಿದ್ದೂ ಸುಮ್ಕಿದ್ರಾ?" ಕೇಳಿದವಳು ಮುನಿಯಕ್ಕನ ಸೊಸೆ. ಕಂಕುಳಲ್ಲಿ ಮಗುವಿತ್ತು. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ.

ನಾಗಲಕ್ಷ್ಮಮ್ಮನಿಗೆ ಕಲಿತ ಎರಡು ನಿಮಿಷದ ಮಾತು ಯಾವುದೂ ನೆನಪಾಗಲಿಲ್ಲ. "ಸುಮ್ಕಿದ್ದೆ," ಎಂದಳು. "ಓಟು ಹಾಕಿ ಅಂತ ಕೇಳಲ್ಲ. ಗೆದ್ರೂ ಸೋತ್ರೂ ನಮ್ಮನೆಯೋರ ಕೂಟೆ ಮಾತಾಡ್ತೀನಿ. ನಮ್ಮ ಮನೆ ಗೂಡಾದ್ರೆ ಏನಂತೆ, ಕೆರೆ ಉಳೀಬೇಕು."

ಮಧ್ಯಾಹ್ನದ ಡಬ್ಬಿ ತಾನೇ ಹಿಡಿದು ಗೂಡಿಗೆ ಹೋದಳು. ರಾಮಾಂಜಿನಪ್ಪ ಲಾರಿಗೆ ಲೋಡು ಹಾಕಿಸುತ್ತಿದ್ದ. ಲಾರಿ ಹೋಗುವವರೆಗೆ ಕಾದು ಹೇಳಿದಳು:

"ಕಾಲೋನಿಗೆ ಓಗಿದ್ದೆ. ಬಾವಿ ನೋಡ್ದೆ. ಇದನ್ನ ನಿಲ್ಸಿ."

ಅವನು ಬಿಚ್ಚಿದ ಡಬ್ಬಿ ಮುಚ್ಚಿದ. "ನಲವತ್ತು ಜನ ಕೆಲಸ ಮಾಡ್ತಾವ್ರೆ ಇಲ್ಲಿ. ಅವರನ್ನ ಎಲ್ಲಿ ಕಳಿಸ್ಲಿ? ನಿನ್ ಕತ್ತಿನ ಸರ ಯಾವುದ್ರಿಂದ ಬಂತು? ಭಾಗ್ಯನ ಕಾಲೇಜು?"

"ಇಟ್ಟಿಗೇಯಿಂದಾನೇ."

"ಮತ್ತೆ?"

"ಅದಕ್ಕೇ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ."

"ಈಗ ಬಿಡ್ತೀಯ. ಆ ಅಮೆರಿಕದೋನು ಯೋಳ್ಕೊಟ್ಟವ್ನೆ."

"ಅವನು ಕಾಲೋನಿಗೆ ಓಗ್ಬೇಡ ಅಂತ ಯೋಳ್ದ," ಎಂದು ಅವಳು ಹಿಂದಿರುಗಿದಳು.

ಬಾವಿ ಹತ್ತಿರ ಆಡಿದ ಮಾತನ್ನು ಭಾಗ್ಯ ಆ ಸಂಜೆಯೇ ದಯಾನಂದನಿಗೆ ಹೇಳಿದಳು. ಅಮ್ಮ ಹಾಗೆ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ದಯಾನಂದ ಪೆನ್ನು ತೆಗೆದು ಬರೆದುಕೊಂಡ. "ಮತ್ತೊಂದು ಸಲ ಹೇಳಿ, ಅವರು ಹೇಳಿದ ಹಾಗೇ," ಎಂದ.

ಮೂರು ದಿನದ ನಂತರ ಶಿವಾಜಿನಗರದ ಪ್ರೆಸ್ಸಿನಿಂದ ಕರಪತ್ರದ ಕಟ್ಟುಗಳು ಬಂದವು. ಹಳದಿ ಕಾಗದ, ಒಂದು ಕಡೆ ನಾಗಲಕ್ಷ್ಮಮ್ಮನ ಫೋಟೊ. ಅದರ ಕೆಳಗೆ ದಪ್ಪಕ್ಷರದಲ್ಲಿ: 'ನನ್ನ ಗಂಡನ ಗೂಡಾದರೇನು, ಕೆರೆ ಉಳಿಸಿಯೇ ಉಳಿಸುತ್ತೇನೆ.' ಅವಳು ಬೆರಳಿಟ್ಟು ಓದಿದಳು. ಓದಿ ಮುಗಿಸಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇದನ್ನ ಅಚ್ಚಾಕಿ ಅಂತ ನಾನು ಯಾವಾಗ ಯೋಳ್ದೆ?"

"ನಿಮ್ಮ ಮಾತೇ ಮೇಡಂ. ಇದೊಂದು ಸಾಕು. ಅಲ್ಲಾಗಿದ್ರೆ ಇದನ್ನ ಟೀವೀಲಿ ಹೇಳ್ಸಿ ಎಲೆಕ್ಷನ್ ಮುಗಿಸ್ತಿದ್ರು. ಮನೆಯೋರ ವಿರುದ್ಧಾನೇ ನಿಂತ ಹೆಂಗಸು ಅಂದ್ರೆ ಹಳದಿ ಮನೆಗಳು ಪೂರ್ತಿ ನಮ್ಮ ಕಡೆ."

"ಹಂಚ್ಬೇಡಿ."

"ಮೇಡಂ, ಐದು ಸಾವಿರ ಪ್ರತಿ."

"ಐವತ್ತು ಸಾವಿರ ಇರ್ಲಿ. ಹಂಚ್ಬೇಡಿ."

ದಯಾನಂದ ಭಾಗ್ಯಳನ್ನು ನೋಡಿದ. ಭಾಗ್ಯ ಅಂದಳು, "ಅಮ್ಮ, ಇದರಲ್ಲಿ ಸುಳ್ಳೇನಿದೆ? ನೀನು ಹೇಳಿದ್ದೇ ತಾನೆ?"

"ನೀನಾ ಯೋಳಿದ್ದು ಇವರಿಗೆ?"

ಮಗಳು ತಲೆಯಾಡಿಸಿದಳು.

"ನಿಜಾನೇ ಕಣೇ. ನಾನು ಆ ಬಾವಿ ಮುಂದೆ ಕೂತು ಆ ಜನಕ್ಕೆ ಯೋಳಿದ್ದು, ನಿಮ್ಮಪ್ಪನ ಮುಖ ನೋಡಿ ಯೋಳಿದ್ದು. ಅದನ್ನ ಕೊಟ್ಟು ಓಟು ತಕೊಂಡ್ರೆ ಆಮೇಲೆ ಆ ಮಾತು ನಂದಾಗಿ ಉಳೀತದಾ? ನಾಳೆ ಯಾರಾದ್ರೂ ಬಂದು, ಗೆಲ್ಲಾಕೆ ಗಂಡನ ಮಾನ ತೆಗೆದ್ಲು ಅಂದ್ರೆ ಇಲ್ಲ ಅನ್ನಾಕಾಗಲ್ಲ."

ಕಟ್ಟುಗಳನ್ನೆಲ್ಲ ಬಚ್ಚಲ ಒಲೆಯ ಪಕ್ಕ ಒಟ್ಟಿಸಿದಳು. ನಾಲ್ಕು ದಿನ ಹಂಡೆ ನೀರು ಅದರಲ್ಲೇ ಕಾಯಿತು. ಆದರೆ ಒಂದು ಕಟ್ಟು ಮನೆಗೆ ಬರುವ ಮೊದಲೇ ಕಾರಿನಿಂದ ಇಳಿದಿತ್ತು. ವರ್ತೂರು ಕಡೆಯ ಎರಡು ಹಳ್ಳಿಗಳಲ್ಲಿ ಹಂಚಿ ಆಗಿತ್ತು.

ಅದರಲ್ಲೊಂದು ರಾಮಾಂಜಿನಪ್ಪನ ಕೈಗೆ ಟೀ ಅಂಗಡಿಯಲ್ಲಿ ಸಿಕ್ಕಿತು. ಯಾರೋ ಬೋಂಡ ಸುತ್ತಿಕೊಟ್ಟಿದ್ದರು. ಅದೇ ಎಣ್ಣೆ ಕಾಗದವನ್ನು ತಂದು ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಹರವಿದ.

"ಓದು."

"ಓದಿದೀನಿ. ಅಚ್ಚಾಕ್ಸಿದ್ದು ನಾನಲ್ಲ."

"ಹೆಸರು ಯಾರದು?"

"ಹೆಸರು ನಂದು, ಓಡಾಟ ನಿಮ್ದು ಅಂತ ನೀವೇ ಅಂದಿದ್ರಲ್ಲ. ನಿಮ್ಮ ಜಾಗದಲ್ಲಿ ಇನ್ಯಾರೋ ಓಡಾಡಿದ್ರು. ಅಷ್ಟೆಯ."

ಅವನು ಕೈ ಎತ್ತಿದ. ಒಲೆ ಪಕ್ಕ ಕೂತಿದ್ದ ಚಿಕ್ಕಮುನಿಯಮ್ಮ ಎದ್ದು ನಡುವೆ ನಿಲ್ಲಲಿಲ್ಲ, ಕೂಗಲೂ ಇಲ್ಲ. "ಆಂಜಿ," ಎಂದಳು ಅಷ್ಟೆ. ಅವನನ್ನು ಹಾಗೆ ಕರೆದು ಮೂವತ್ತು ವರ್ಷವಾಗಿತ್ತು. ಕೈ ಇಳಿಯಿತು.

"ನಿನ್ನ ಬೀಳಿಸ್ತೀನಿ," ಎಂದ ಹೆಂಡತಿಗೆ. "ನಾನೇ ನಿಲ್ಲಿಸ್ದೋನು, ನಾನೇ ಬೀಳಿಸ್ತೀನಿ."

ಭಾಗ್ಯ ಆ ದಿನ ಊಟ ಮಾಡಲಿಲ್ಲ. ಅಮ್ಮನೂ ಬಾ ಎನ್ನಲಿಲ್ಲ. ಮರುದಿನ ಬೆಳಿಗ್ಗೆ ದಯಾನಂದ ಹಳ್ಳಿಗಳಿಗೆ ಹೋಗಿದ್ದಾಗ ಅವಳು ಕಾರ್ಡಿನ ಪೆಟ್ಟಿಗೆ ತೆರೆದು, ತಾನೇ ಕೇಳಿ ಬರೆದ ಇನ್ನೂರ ಹನ್ನೆರಡು ಕಾರ್ಡುಗಳನ್ನು ಹುಡುಕಿ ತೆಗೆದು, ಹಳದಿ ಕಾಗದದ ಜೊತೆಗೇ ಬಚ್ಚಲ ಒಲೆಗೆ ಹಾಕಿದಳು. ನಾಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದಳು. ರಟ್ಟು ಬೇಗ ಹತ್ತಲಿಲ್ಲ. ಅವಳೇ ಬಂದು ಊದುಗೊಳವೆ ಕೊಟ್ಟಳು.

ರಾಮಾಂಜಿನಪ್ಪ ಹೆಂಡತಿಯನ್ನು ಬೀಳಿಸಲು ಏನು ಮಾಡಿದನೋ ಯಾರಿಗೂ ತಿಳಿಯಲಿಲ್ಲ. ಪೋಲಿಂಗ್ ದಿನ ಶಾಲೆಯ ಸಾಲಿನಲ್ಲಿ ಬಿಳೀ ಪಂಚೆಯುಟ್ಟು ನಿಂತಿದ್ದ. ಓಟು ಯಾರಿಗೆ ಎಂದು ಯಾರು ಕೇಳಿದರೂ ಬರೀ ತಲೆಯಾಡಿಸಿದ.

ನಾಗಲಕ್ಷ್ಮಮ್ಮ ನೂರ ನಲವತ್ಮೂರು ಓಟಿನಿಂದ ಗೆದ್ದಳು.

ಎಣಿಕೆ ಮುಗಿದ ಮೇಲೆ ಕಂಡಕಂಡವರೆಲ್ಲ ತಮಗೆ ತೋಚಿದ ಕಾರಣ ಹೇಳಿದರು. ಆ ಎರಡು ಹಳ್ಳಿಯ ಚೀಟಿಯೇ ಗೆಲ್ಲಿಸಿತು ಎಂದ ದಯಾನಂದ. ನಮ್ಮ ಬೀದಿ ಗೆಲ್ಲಿಸಿತು ಎಂದಳು ಮುನಿಯಕ್ಕ. ಚೇರ್ಮನ್ನರ ಹೆಸರು ಗೆಲ್ಲಿಸಿತು ಎಂದರು ಗೂಡಿನ ಮೇಸ್ತ್ರಿಗಳು. ಅವರು ತಂದ ಹಾರ ರಾಮಾಂಜಿನಪ್ಪನ ಕೊರಳಿಗೇ ಬಿತ್ತು. ಅವನು ಬೇಡ ಎನ್ನಲಿಲ್ಲ. ನಿಜವಾಗಿ ಯಾವುದರಿಂದ ಗೆದ್ದೆ ಎಂಬುದು ನಾಗಲಕ್ಷ್ಮಮ್ಮನಿಗೆ ಗೊತ್ತಾಗಲಿಲ್ಲ. ಆ ಸಂಶಯ ಬಹಳ ದಿನ ಬಟ್ಟೆಯೊಳಗಿನ ಹೊಟ್ಟಿನ ಹಾಗೆ ಅವಳನ್ನು ಕಾಡಿತು.

ದಯಾನಂದ ಪೆಟ್ಟಿಗೆ ಹೊತ್ತು ಪಟ್ಟಣಕ್ಕೆ ಹೋದ. ಕಾರ್ಡು ಕಡಿಮೆಯಾಗಿರುವುದು ಅಲ್ಲಿ ತಿಳಿದು ಭಾಗ್ಯಳಿಗೆ ಕಾಗದ ಬರೆದ. ಅವಳು ಉತ್ತರ ಬರೆಯಲಿಲ್ಲ.

ಸಂಕ್ರಾಂತಿ ಕಳೆಯಿತು. ಗೂಡು ಉರಿಯುತ್ತಲೇ ಇತ್ತು. ರಾಮಾಂಜಿನಪ್ಪ ಮನೆಯಲ್ಲಿ ಊಟಕ್ಕೆ ಕೂರತೊಡಗಿದ್ದ, ಆದರೆ ಹೆಂಡತಿಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದ. "ನಿಮ್ಮಮ್ಮನ್ನ ಉಪ್ಪು ತರಾಕೆ ಯೋಳು." ಉಪ್ಪು ಅವಳ ಕೈಯಲ್ಲೇ ಇರುತ್ತಿತ್ತು.

ಪರಿಷತ್ತಿನ ಸಭೆಯ ದಿನ ಅವನು ಬೆಳಿಗ್ಗೆಯೇ ಸ್ನಾನ ಮಾಡಿ ಬಿಳೀ ಅಂಗಿ ತೊಟ್ಟು ಜಗಲಿಯಲ್ಲಿ ಕಾದು ಕೂತಿದ್ದ. ಗೆದ್ದ ಹೆಂಗಸರ ಗಂಡಂದಿರೆಲ್ಲ ಜೊತೆಗೆ ಹೋಗುತ್ತಿದ್ದರು. ನಾಗಲಕ್ಷ್ಮಮ್ಮ ಹೊರಗೆ ಬಂದಳು.

"ನೀವು ಬರ್ಬೇಡಿ."

"ಯಾಕೆ?"

"ಕೆರೆ ಅಳತೆ ಆಗ್ಬೇಕು ಅಂತ ಯೋಳಾಕೆ ಓಗ್ತಿದೀನಿ. ನೀವು ಪಕ್ಕದಲ್ಲಿದ್ರೆ ನಿಮ್ಗೂ ಕಷ್ಟ, ನಂಗೂ ಕಷ್ಟ. ಇನ್ನೊಬ್ಬರು ಬಂದು ಯೋಳೋ ಮೊದ್ಲು ನಾನೇ ಯೋಳ್ತಿದೀನಿ."

ಅವನು ಅಂಗಿಯ ಗುಂಡಿ ಬಿಚ್ಚುತ್ತ ಒಳಗೆ ಹೋದ. ಅವಳು ಮಗಳ ಜೊತೆ ಹೂಡಿ ಗೇಟಿನವರೆಗೆ ನಡೆದು ಬಸ್ಸು ಹಿಡಿದಳು.

ಸಭೆಯಲ್ಲಿ ಅವಳ ಸರದಿ ಊಟದ ನಂತರ ಬಂತು. ಕೆರೆಯ ಅಳತೆ ಮಾಡಿಸಿ ಒತ್ತುವರಿ ಬಿಡಿಸಬೇಕು ಎಂದಳು. ತಹಸೀಲ್ದಾರರಿಗೆ ಬರೆಯೋಣ ಎಂದು ಅಧಿಕಾರಿ ಒಪ್ಪಿದ. ಗುಮಾಸ್ತ ತಲೆಯೆತ್ತದೆ ಕೇಳಿದ:

"ಒತ್ತುವರಿ ಮಾಡಿರೋರು ಯಾರು ಮೇಡಂ? ಹೆಸರು ಬೇಕು."

"ನಮ್ಮ ಯಜಮಾನರು."

ಅವನು ತಲೆಯೆತ್ತಿದ. ಅಕ್ಕಪಕ್ಕದ ಮೂವರು ನಾಲ್ವರು ತಿರುಗಿ ನೋಡಿದರು. "ಹೆಸರು ಮೇಡಂ. ಯಜಮಾನರು ಅಂತ ಬರೆಯಕ್ಕಾಗಲ್ಲ."

ಮದುವೆಯಾಗಿ ಇಪ್ಪತ್ತಮೂರು ವರ್ಷ. ಜನಗಣತಿಯವನು ಬಂದಾಗ ಅತ್ತೆ ಹೇಳಿದ್ದಳು, ನಾಮಪತ್ರ ತುಂಬುವಾಗ ಭಾಗ್ಯ ಬರೆದಿದ್ದಳು. ಈಗ ಭಾಗ್ಯ ಬಾಗಿಲಾಚೆ ಬೆಂಚಿನ ಮೇಲಿದ್ದಳು. ನಾಗಲಕ್ಷ್ಮಮ್ಮ ಮೇಜಿನ ಅಂಚು ಹಿಡಿದುಕೊಂಡಳು.

"ರಾಮಾಂಜಿನಪ್ಪ," ಎಂದಳು. ಗುಮಾಸ್ತನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮೋಜಣಿದಾರ ಬಂದದ್ದು ಮೇ ತಿಂಗಳಲ್ಲಿ. ಸರಪಳಿ, ನಕ್ಷೆ, ಇಬ್ಬರು ಆಳು. ಗೂಡಿನ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬೆಳಗಿನಿಂದ ಹುಡುಕಿದರು. ನಕ್ಷೆಯಲ್ಲಿದ್ದ ಗಡಿಕಲ್ಲು ನೆಲದಲ್ಲಿ ಸಿಗಲಿಲ್ಲ. ಕಲ್ಲು ಸಿಗದಿದ್ದರೆ ಅಳತೆ ಎಲ್ಲಿಂದ ಶುರು ಮಾಡುವುದೆಂದು ಮೋಜಣಿದಾರ ಸಿಡಿಮಿಡಿಗೊಂಡ. ಏರಿಯ ಮೇಲೆ ಕಾಲೋನಿಯವರು ನಿಂತಿದ್ದರು. ನಾಗಲಕ್ಷ್ಮಮ್ಮ ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ಅವರ ಜೊತೆ ನಿಂತಿದ್ದಳು. ರಾಮಾಂಜಿನಪ್ಪ ಹಸಿ ಇಟ್ಟಿಗೆಯ ಸಾಲಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ.

ಮಧ್ಯಾಹ್ನ ದಾಟಿತು. ಮೋಜಣಿದಾರ ಸರಪಳಿ ಸುತ್ತಿಸತೊಡಗಿದ. "ಕಲ್ಲು ಸಿಕ್ಕಿಲ್ಲ ಅಂತ ಬರ್ಕೊಂಡು ಹೋಗ್ತೀನಮ್ಮ," ಎಂದು ಏರಿಯ ಕಡೆ ಕೂಗಿದ.

ರಾಮಾಂಜಿನಪ್ಪ ಎದ್ದ. ಪಂಚೆ ಕೊಡವಿಕೊಂಡು ನಿಧಾನವಾಗಿ ಮಣ್ಣಿನ ಗುಡ್ಡೆ ಬಳಸಿ, ಇಟ್ಟಿಗೆ ಒಟ್ಟಿದ್ದ ಕಡೆಗೆ ನಡೆದ. ಅಲ್ಲಿ ನಿಂತು ಹೆಂಡತಿಯ ಕಡೆ ನೋಡಿದ. ನೋಡಿ, ಮುಖ ಬೇರೆ ಕಡೆ ತಿರುಗಿಸಿ, ಮೋಜಣಿದಾರನ ಆಳಿಗೆ ಹೇಳಿದ:

"ಈ ಇಟ್ಟಿಗೆ ಎತ್ತಿಡ್ರೋ. ಕಲ್ಲು ಇದರಡೀಲೈತೆ."